ಡೊಡೊಮಾದ ಬೀಗತಿ

ಸೆಪ್ಟೆಂಬರ್ 11, ಬುಧವಾರ

ಇದು ಹೋದ ವರ್ಷದ ಪಾಠ ಯೋಜನೆಯ ಡೈರಿ. ಹೆಡ್‌ಮಾಸ್ತರ್ ನಾಗೇಂದ್ರಪ್ಪನವರು ಎಲ್ಲ ಶಿಕ್ಷಕರಿಗೂ ಎರಡೆರಡು ಕೊಟ್ಟಿದ್ದರು, ನನ್ನದೊಂದು ಖಾಲಿ ಉಳಿದಿತ್ತು. ‘ಪಾಠದ ಉದ್ದೇಶ’, ‘ಕಲಿಕೋಪಕರಣ’, ‘ಮೌಲ್ಯಮಾಪನ’ ಎಂದು ಅಚ್ಚಾದ ಅಕ್ಷರಗಳ ಮೇಲೆಯೇ ಬರೆಯುತ್ತಿದ್ದೇನೆ. ಇದನ್ನು ಯಾರೂ ತಪಾಸಣೆ ಮಾಡುವುದಿಲ್ಲ ಎನ್ನುವುದೇ ದೊಡ್ಡ ಸುಖ.

ಮಗಳು ನಿಶಾತ ಹೋಗಿ ಎರಡು ದಿನವಾಯಿತು. ನಮ್ಮ ಕೊಟ್ಟೂರು ದಾಟಿ ಒಬ್ಬಳೇ ದಾವಣಗೆರೆಗೂ ಹೋಗದ ಹುಡುಗಿ ಈಗ ತಾಂಜಾನಿಯಾ ದೇಶದ ಡೊಡೊಮಾದಲ್ಲಿದ್ದಾಳೆ. ಅವಳ ಕೃಷಿ ಕಾಲೇಜಿನಿಂದ ವಿದ್ಯಾರ್ಥಿ ವಿನಿಮಯವಂತೆ. ಇವಳು ಅಲ್ಲಿಗೆ ಹೋಗುವುದು, ಅಲ್ಲಿಂದ ನೀಮಾ ಎನ್ನುವ ಹುಡುಗಿ ಇಲ್ಲಿಗೆ ಬರುವುದು. ಇವಳು ಅವರ ಮನೆಯಲ್ಲಿ, ಅವಳು ನಮ್ಮ ಮನೆಯಲ್ಲಿ. ಐದು ತಿಂಗಳು.

‘ಅಂದ್ರ ನಮ್ಮ ಹುಡುಗೀನ ಕೊಟ್ಟು ಅವರ ಹುಡುಗೀನ ತಂದಂಗಾತು’ ಎಂದರು ನನ್ನ ಅತ್ತೆ ಜೋಹರಾಬಿ, ಅಡಕೊತ್ತು ಕೆಳಗಿಟ್ಟು. ‘ಅದಲಿ ಬದಲಿ ಸಂಬಂಧ.’

‘ಇದು ಮದುವಿ ಅಲ್ಲಮ್ಮಾ. ಓದಾಕ ಹೋಗ್ಯಾಳ ಆಕಿ.’

‘ಗೊತ್ತೈತಿ ಬಿಡು. ನಾನೂ ಅದಲಿ ಬದಲಿ ಬಂದಾಕೀನ. ಹರಪನಹಳ್ಳಿಯಿಂದ ನನ್ನ ಈ ಮನಿಗೆ ತಂದ್ರು, ಈ ಮನಿ ಮಗಳು ಹಾಜರಾನ್ನ ನಮ್ಮಣ್ಣಗ ಕೊಟ್ರು. ಒಬ್ಬಾಕಿ ಸಿಟ್ಟು ಮಾಡ್ಕೊಂಡು ತವರಿಗೆ ಬಂದ್ಲಂದ್ರ ಇನ್ನೊಬ್ಬಾಕೀನೂ ಗಂಟು ಕಟ್ಟಬೇಕು. ಬರೂ ಹುಡುಗೀನ ಚಂದಾಗಿ ನೋಡ್ಕೋ. ನೀ ಇಲ್ಲಿ ಹೆಂಗ ನೋಡ್ತಿ, ಬೀಗರು ಅಲ್ಲಿ ಹಂಗ ನೋಡ್ತಾರ.’

ಇಪ್ಪತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಜೋರಾಗಿ ನಕ್ಕೆ. ನಕ್ಕ ಮೇಲೆ ಎದ್ದು ಹೋಗಿ ನಿಶಾತಳ ಮಂಚಕ್ಕೆ ಹೊಸ ಚಾದರ ಹಾಸಿದೆ.

ಸೆಪ್ಟೆಂಬರ್ 13, ಶುಕ್ರವಾರ

ನೀಮಾ ಬಂದಳು. ಗವಿಸಿದ್ದೇಶ್ ಸರ್ ಕರೆತಂದರು. ಕಾಲೇಜಿನಲ್ಲಿ ಈ ವಿನಿಮಯದ ಉಸ್ತುವಾರಿ ಅವರದೇ. ಓಣಿಗೆ ಓಣಿಯೇ ನಮ್ಮ ಬಾಗಿಲಲ್ಲಿ ನಿಂತಿತ್ತು. ಎತ್ತರದ ಹುಡುಗಿ, ಮೈತುಂಬ ನಗು, ತಲೆತುಂಬ ಸಣ್ಣ ಸಣ್ಣ ಜಡೆ. ಪಕ್ಕದ ಮನೆಯ ಹಾಲಿನ ಚೌಡಕ್ಕ ಒಂದು ಜಡೆಯನ್ನು ಕೈಯಲ್ಲಿ ಹಿಡಿದು, ‘ಇವನ್ನೆಲ್ಲ ಹೆಣಿಯಾಕ ಎಷ್ಟೊತ್ತು ಹಿಡೀತೋ ತಾಯಿ’ ಎಂದಳು. ಹುಡುಗಿಗೆ ಅದು ಹೇಗೆ ತಿಳಿಯಿತೋ, ಐದು ಬೆರಳು ಎತ್ತಿ ತೋರಿಸಿದಳು. ಐದು ತಾಸು! ಚೌಡಕ್ಕ ಅಲ್ಲೇ ಕುಕ್ಕರಿಸಿ ಕೂತು ಎಲ್ಲ ಜಡೆ ಎಣಿಸಲು ಶುರುಮಾಡಿದಳು.

‘ನೀಮಾ ಅಂದ್ರೇನು?’ ಎಂದು ಅತ್ತೆಯವರು ಕೇಳಿದರು. ದೇವರ ಕೃಪೆ ಎಂದು ಅರ್ಥವಂತೆ. ‘ಹಂಗಂದ್ರ ನಮ್ಮ ಮಾತಿನ್ಯಾಗ ನೇಮತ್!’ ಎಂದು ಅವರು ಆ ಕ್ಷಣವೇ ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡರು.

ಹೋಗುವಾಗ ಗವಿಸಿದ್ದೇಶ್ ಸರ್, ‘ಆಕಿ ಮುಂದ ಕನ್ನಡಾನ ಮಾತಾಡ್ರಿ ಮೇಡಮ್, ಉರ್ದು ಒಂದು ಕನ್ನಡ ಒಂದು ಬ್ಯಾಡ. ಗೊಂದಲ ಆಗ್ತೈತಿ’ ಎಂದರು. ಹೀಗಾಗಿ ಇವತ್ತಿನಿಂದ ನಮ್ಮ ಮನೆಯೊಳಗೆ ನಾವೂ ಕನ್ನಡ. ಇವರು, ಅಂದರೆ ನನ್ನ ಗಂಡ ಗುಲಾಮಹುಸೇನ, ಮೋಟರ್ ವೈಂಡಿಂಗ್ ಅಂಗಡಿಯಿಂದ ಕೈ ಕೂಡ ತೊಳೆಯದೆ ಓಡಿ ಬಂದು ‘ವೆಲ್ಕಮ್ ವೆಲ್ಕಮ್’ ಎಂದು ಎಂಟು ಸಲ ಹೇಳಿದರು. ಇವರ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ನಿಶಾತಳ ಕಪಾಟಿಗೆ ಮಾತ್ರ ಬೀಗ ಹಾಕಿ ಕೀಲಿ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಕೋಣೆ ಕೊಟ್ಟೆ, ಮಂಚ ಕೊಟ್ಟೆ. ಎಲ್ಲವನ್ನೂ ಕೊಡಲು ಆಗುವುದಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಗವಿಸಿದ್ದೇಶ್ ಸರ್ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಲು ಬಂದಿದ್ದರು. ನಾನು ಓದದೆ ಸಹಿ ಹಾಕುವವಳಲ್ಲ. ಏಳನೇ ನಿಯಮಕ್ಕೆ ಬಂದು ನಿಂತೆ. ಇದು ಜೋಡಿ ವಿನಿಮಯ. ಬೇಡವೆನಿಸಿದರೆ ಅಕ್ಟೋಬರ್ 15ರ ಒಳಗೆ ವಾಪಸಾಗಬಹುದು. ಆದರೆ ಒಬ್ಬರು ವಾಪಸಾದರೆ ಇನ್ನೊಬ್ಬರ ಪ್ರವೇಶವೂ ರದ್ದು, ಅವರೂ ತಮ್ಮ ದೇಶಕ್ಕೆ ಹೊರಡಬೇಕು. 15 ದಾಟಿದ ಮೇಲೆ ಇಬ್ಬರೂ ಅವಧಿ ಮುಗಿಸಲೇಬೇಕು.

‘ಏನು ಬರದಾರ? ಜೋರಾಗಿ ಓದು’ ಎಂದರು ಅತ್ತೆಯವರು. ಓದಿದೆ.

ಅವರು ನನ್ನ ಮುಖ ನೋಡುತ್ತ ನಿಧಾನವಾಗಿ ಒಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ವಿಜ್ಞಾನದ ಮೇಷ್ಟ್ರಿಗೆ ಇಷ್ಟು ಅವಮಾನ ಯಾವತ್ತೂ ಆಗಿರಲಿಲ್ಲ.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಈ ಹುಡುಗಿ ಸಿಟ್ಟು ಮಾಡಿಕೊಂಡು ಹೋದರೆ ನಮ್ಮ ನಿಶಾತಳ ಓದು ನಿಲ್ಲುತ್ತದೆ! ಚೌಡಕ್ಕ ಕೆನೆ ಕಟ್ಟಿದ ಹಾಲು ಬೇರೆ ಚೊಂಬಿನಲ್ಲಿ ತಂದಳು. ಆಟೋ ಓಬಳೇಶ, ‘ಕಾಲೇಜಿಗೆ ನಾನ ಬಿಟ್ಟು ಬರ್ತೀನಿ, ಆ ಬಸ್ಸಿನ್ಯಾಗ ಎಲ್ರೂ ಆಕೀನ್ನ ಮಿಕಮಿಕ ನೋಡ್ತಾರ’ ಎಂದ. ನಾನು ರೊಟ್ಟಿಯ ಮೇಲೆ ತುಪ್ಪ ಸುರಿದೆ. ಹುಡುಗಿ ತಟ್ಟೆ ಎತ್ತಲು ಹೋದರೆ ಅತ್ತೆಯವರು ಕಸಿದುಕೊಂಡರು. ಬಟ್ಟೆ ಒಗೆಯಲು ಹೋದರೆ ನಾನು ಬಕೀಟು ಕಸಿದುಕೊಂಡೆ. ಇವರು ಅಂಗಡಿಯಿಂದ ಫ್ಯಾನು ತಂದು ಅವಳ ಕೋಣೆಯಲ್ಲಿ ಎರಡನೆಯದನ್ನೂ ಹಾಕಿದರು. ಈಗ ಅಲ್ಲಿ ಪುಸ್ತಕ ಬಿಚ್ಚಿದರೆ ಹಾಳೆ ನಿಲ್ಲುವುದಿಲ್ಲ.

ಇಷ್ಟು ಮಾಡಿದ್ದೇವೆ. ಅಲ್ಲಿ ನನ್ನ ಮಗಳು ಖಂಡಿತ ರಾಣಿಯ ಹಾಗೆ ಇರುತ್ತಾಳೆ.

ಸೆಪ್ಟೆಂಬರ್ 22, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ನಿಶಾತಳ ಫೋನು ಬಂದಿತ್ತು.

‘ಅಮ್ಮಿ, ಇಲ್ಲಿ ನನ್ನ ಕಡಿಂದ ಕೋಳಿ ಗೂಡು ಬಳಿಸ್ತಾರ!’

‘ಏನಂದಿ?’

‘ಅರವತ್ತು ಕೋಳಿ ಅದಾವ. ಬಂದ ಮೂರನೇ ದಿನಕ್ಕ ನೀಮಾನ ಅಮ್ಮ ಕೈಯಾಗ ಕಸಬರಿಗಿ ಕೊಟ್ಲು. ಪಾತ್ರಿ ನಾನ ತೊಳೀಬೇಕು, ನೀರು ನಾನ ತರಬೇಕು. ಮತ್ತ ಮ್ಯಾಲ ನಗ್ತಾಳ, ಏನೋ ಉಪಕಾರ ಮಾಡಿದಂಗ.’

ಊಟ? ಮಧ್ಯಾಹ್ನ ಮುದ್ದೆ, ಸಂಜೆ ಮುದ್ದೆ. ಸೊಪ್ಪು, ಕಾಳು. ಮಾಂಸದ ಚಿಂತೆ ಬೇಡ, ಓಣಿಯ ಮುಸ್ಲಿಮರ ಅಂಗಡಿಯಿಂದಲೇ ತರುತ್ತಾರೆ ಎಂದಳು. ದನಿ ಸಣ್ಣದಾಗಿತ್ತು. ಜ್ವರ ಬಂದಾಗ ಹೀಗೆ ಮಾತಾಡುತ್ತಾಳೆ.

ನಾವಿಲ್ಲಿ ತುಪ್ಪ ಬಡಿಸುತ್ತಿದ್ದೇವೆ, ಅಲ್ಲಿ ನನ್ನ ಮಗಳು ಕೋಳಿಯ ಹಿಕ್ಕೆ ಬಳಿಯುತ್ತಿದ್ದಾಳೆ. ಇವರಿಗೆ ಹೇಳಿದೆ. ‘ಹೋಗ್ಲಿ ಬಿಡು ಟೀಚರಮ್ಮ, ಕೃಷಿ ಓದೂ ಹುಡುಗಿ, ಕೋಳೀನ್ನಾದ್ರೂ ನೋಡ್ಲಿ’ ಎಂದು ನಕ್ಕರು. ಇವರ ತಟ್ಟೆಗೆ ಇವತ್ತು ಚಟ್ನಿ ಬಡಿಸಲಿಲ್ಲ.

ಬೀಗತಿಯಂತೆ ಬೀಗತಿ. ನೋಡಿಕೊಳ್ಳುತ್ತೇನೆ. ನಾಳೆ ಈ ಹುಡುಗಿಯ ಕೈಗೂ ಕಸಬರಿಗೆ.

ಸೆಪ್ಟೆಂಬರ್ 23, ಸೋಮವಾರ

ಕೊಟ್ಟೆ. ಬೆಳಿಗ್ಗೆ ಏಳಕ್ಕೆ, ಮುಖ ಗಂಟುಹಾಕಿಕೊಂಡು, ಒಂದೂ ಮಾತಾಡದೆ ಕೊಟ್ಟೆ.

ಆ ಹುಡುಗಿ ಕಸಬರಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅವಳ ಮುಖ ಅರಳಿದ್ದನ್ನು ಹೇಗೆ ಬರೆಯಲಿ! ಅಂಗಳ ಗುಡಿಸಿದಳು, ಪಡಸಾಲೆ ಗುಡಿಸಿದಳು, ಚೌಡಕ್ಕನ ಬಾಗಿಲನ್ನೂ ಗುಡಿಸಿದಳು. ಹಾಡು ಬೇರೆ. ನಾನು ಪಟ್ಟು ಬಿಡಲಿಲ್ಲ, ಪಾತ್ರೆಯ ರಾಶಿ ಹಾಕಿದೆ. ಅದನ್ನೂ ಫಳಫಳ ಮಾಡಿ ಬೋರಲು ಹಾಕಿ, ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು. ಅವರ ಕಡೆ ಹೊಸಬರನ್ನು ಎರಡು ದಿನ ಕೂಡಿಸಿ ಉಪಚಾರ ಮಾಡುತ್ತಾರೆ. ಆಮೇಲೂ ಕೆಲಸಕ್ಕೆ ಕರೆಯಲಿಲ್ಲವೆಂದರೆ ‘ನೀನಿನ್ನೂ ಹೊರಗಿನವಳು, ಯಾವಾಗ ಹೊರಡುತ್ತೀ’ ಎಂದು ಕೇಳಿದ ಹಾಗೆ. ಹತ್ತು ದಿನದಿಂದ ಅವಳು ನಮ್ಮ ತುಪ್ಪ ತಿನ್ನುತ್ತ, ತನ್ನಿಂದ ಏನು ತಪ್ಪಾಯಿತೋ ಎಂದು ಕೊರಗುತ್ತಿದ್ದಳು. ಬೇರೆ ಮನೆ ಹುಡುಕಿಕೊಡಿ ಎಂದು ಗವಿಸಿದ್ದೇಶ್ ಸರ್‌ಗೆ ಕೇಳಬೇಕೆಂದೂ ಇದ್ದಳಂತೆ. ‘ಇವತ್ತು ನಾನು ಮನೆಯೊಳಗೆ ಬಂದೆ, ಮಾಮಾ ನಿಶಾತ’ ಎಂದಳು.

ಅವರ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ, ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಹಾಗೆ ಕರೆಯುತ್ತಾರಂತೆ. ಅವಳ ಅಮ್ಮ ಮಾಮಾ ನೀಮಾ, ನಾನು ಮಾಮಾ ನಿಶಾತ. ‘ಇಷ್ಟು ದಿನ ಟೀಚರಮ್ಮ ಇದ್ದಿ, ಈಗ ಮಾಮಾ ಆದಿ’ ಎಂದು ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೇಡು ತೀರಿಸಿಕೊಳ್ಳಲು ಹೋದರೆ ಇದಾಯಿತು. ನಾಚಿಕೆಯಾಗಿ ಮಧ್ಯಾಹ್ನವೇ ನಿಶಾತಳಿಗೆ ಫೋನು ಮಾಡಿ ವಿವರಿಸಿದೆ: ಅದು ಅವರ ಮರ್ಯಾದೆ ಮಗಳೇ, ನಿನ್ನನ್ನು ಮನೆಯವಳು ಎಂದುಕೊಂಡಿದ್ದಾರೆ. ‘ಆತ್ಬಿಡಮ್ಮಿ. ನೀನೂ ಆ ಕಡೀನ ಮಾತಾಡು’ ಎಂದು ಇಟ್ಟುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಾನು ಅವಳ ಕೈಗೆ ಕಸಬರಿಗೆ ಕೊಡಲಿಲ್ಲ, ಅದರ ಫಲ.

ಸೆಪ್ಟೆಂಬರ್ 29, ಭಾನುವಾರ

ನೀಮಾಳ ಜೊತೆ ಚಿಗಟೇರಿಗೆ ಹೋಗಿದ್ದೆ. ಅಲ್ಲಿ ಏಕಾಂತಪ್ಪನವರ ಎರೆಹೊಲದಲ್ಲಿ ಅವಳ ಪ್ರಯೋಗ. ಅರ್ಧ ಎಕರೆಯಲ್ಲಿ ಇಪ್ಪತ್ತನಾಲ್ಕು ಮಡಿ ಮಾಡಿ ಆರು ತಳಿಯ ಬಿಳಿಜೋಳ ಬಿತ್ತಿದ್ದಾಳೆ. ಮೊಳಕೆ ಎದ್ದು ಸಾಲು ಹಿಡಿದಿವೆ. ಮಡಿಗೊಂದು ಗೂಟ, ಗೂಟಕ್ಕೊಂದು ನಂಬರು.

ಜೋಳದ ಸುಳಿಯನ್ನು ತಿನ್ನುವ ಒಂದು ನೊಣವಿದೆ. ಎಲೆಯ ಅಡಿಗೆ ತತ್ತಿ ಇಡುತ್ತದೆ, ಹುಳು ಹುಟ್ಟಿ ಸುಳಿ ಕೊರೆದರೆ ಪೈರು ಸತ್ತಂತೆಯೇ. ಯಾವ ತಳಿ ಅದನ್ನು ತಡೆದುಕೊಳ್ಳುತ್ತದೆ ಎಂದು ನೋಡಬೇಕು. ಅವಳು ನೆಲಕ್ಕೆ ಮಂಡಿಯೂರಿ ಒಂದೊಂದೇ ಎಲೆ ಮಗುಚಿ ಎಣಿಸುತ್ತಿದ್ದಳು. ನಾನು ಬರೆದುಕೊಂಡೆ, ನನ್ನ ಅಕ್ಷರ ದುಂಡಗಿದೆ ಎಂದು ಹೊಗಳಿದಳು.

‘ಜನವರಿ ಮಟ ಆಕಿ ಇರಬೇಕ್ರಿ ಟೀಚರ್ರ’ ಎಂದರು ಏಕಾಂತಪ್ಪ, ಬದುವಿನ ಮೇಲೆ ಕೂತು. ‘ತೆನಿ ಕೊಯ್ದು ತೂಗಿದ್ರ ಮಾತ್ರ ಲೆಕ್ಕ. ನಡುವ ಬಿಟ್ರ ಎಲ್ಲ ಮಣ್ಣುಪಾಲು. ನನಗೂ ನೋಡಬೇಕಂತ ಆಸಿ ಐತಿ ಮತ್ತ. ಮೂರು ವರ್ಸಕ್ಕೊಮ್ಮಿ ಆ ನೊಣ ನಮ್ಮ ಬಾಯಾಗ ಮಣ್ಣು ಹಾಕತೈತಿ.’

ಅದೇ ನೊಣ ಡೊಡೊಮಾದಲ್ಲೂ ಇದೆಯಂತೆ. ಅವಳ ಅಮ್ಮ ಜೋಳ ಬಿಟ್ಟು ಕೋಳಿ ಸಾಕಲು ಹತ್ತಿದ್ದು ಅದರ ಕಾಟಕ್ಕೇ. ಅಷ್ಟು ದೂರದಿಂದ ಬಂದು ನಮ್ಮ ಹೊಲದಲ್ಲಿ ತನ್ನ ಅಮ್ಮನ ಬೆಳೆಯನ್ನು ಹುಡುಕುತ್ತಿದ್ದಾಳೆ ಈ ಹುಡುಗಿ.

ಚಪ್ಪಲಿಗೆ ಎರೆಮಣ್ಣು ಮೆತ್ತಿ ಇಬ್ಬರೂ ನಾಲ್ಕು ಬೆರಳು ಎತ್ತರವಾದೆವು. ಬಸ್ಸಿನ ಹತ್ತಿರ ಕಡ್ಡಿಯಿಂದ ಕೆರೆದುಕೊಳ್ಳುತ್ತ ನಕ್ಕಿದ್ದೇ ನಕ್ಕಿದ್ದು. ಒಬ್ಬ ಫೋನು ಹಿಡಿದು ಅವಳ ಫೋಟೋ ತೆಗೆಯಲು ಬಂದ. ‘ಯಾಕ್ರಿ, ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?’ ಎಂದು ಕ್ಲಾಸಿನ ದನಿಯಲ್ಲಿ ಕೇಳಿದೆ. ಹೋದ.

ಬಂದು ಕಪಾಟಿನ ಬೀಗ ತೆಗೆದೆ. ನೀಮಾಳ ಬಟ್ಟೆ ಕುರ್ಚಿಯ ಮೇಲೆ ಬಿದ್ದಿರುವುದು ನೋಡಲು ಆಗುತ್ತಿರಲಿಲ್ಲ, ಬೇರೇನೂ ಕಾರಣವಿಲ್ಲ.

ಅಕ್ಟೋಬರ್ 4, ಶುಕ್ರವಾರ

ದಸರಾ ರಜೆ ಶುರುವಾಗಿದೆ. ನಿಶಾತ ಫೋನು ಮಾಡಿ, ‘ಅಮ್ಮಿ, ನಾನು ಬಂದ್ಬಿಡ್ತೀನಿ’ ಎಂದಳು.

ನನಗೆ ಮೊದಲು ಆದದ್ದು ಸಂತೋಷ. ಬರೆಯಲು ನಾಚಿಕೆಯೇನು. ‘ಬಾ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೇನು ಕಷ್ಟ ಎಂದು ಕೇಳಿದೆ. ಯಾರೂ ಬೈದಿಲ್ಲ, ಯಾವ ತೊಂದರೆಯೂ ಇಲ್ಲ. ಧೂಳು, ಬಿಸಿಲು, ಕ್ಲಾಸಿನಲ್ಲಿ ಎಲ್ಲರೂ ತಮ್ಮ ಭಾಷೆಯಲ್ಲಿ ನಗುವಾಗ ತಾನೊಬ್ಬಳೇ ಸುಮ್ಮನಿರುವುದು. ಯಾರೂ ತನ್ನನ್ನು ಏನೂ ಕೇಳುವುದಿಲ್ಲವಂತೆ. ‘ಹದಿನೈದರ ಒಳಗ ಹೇಳಿದ್ರ ಸಾಕಂತ’ ಎಂದಳು.

ಆಗ ಕಿಟಕಿಯಿಂದ ನೀಮಾ ಕಂಡಳು. ಅಂಗಳದಲ್ಲಿ ಅತ್ತೆಯವರ ಮುಂದೆ ಕೂತು, ಹೊಸ ಗೂಟಗಳ ಮೇಲೆ ಕನ್ನಡ ಅಂಕಿ ಬರೆಯುವುದನ್ನು ಕಲಿಯುತ್ತಿದ್ದಳು. ಅತ್ತೆಯವರಿಗೆ ಓದು ಬರಹ ಅಷ್ಟಕ್ಕಷ್ಟೇ. ಇಬ್ಬರೂ ಸೇರಿ ಏಳನ್ನು ತಿರುಗುಮುರುಗು ಬರೆದು, ಸರಿಯಾಗಿದೆಯೆಂದು ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಿದ್ದರು.

‘ನೋಡೋಣು’ ಎಂದೆ. ಅಷ್ಟೇ ಆಯಿತು ನನ್ನಿಂದ.

ಅಕ್ಟೋಬರ್ 6, ಭಾನುವಾರ

ಯಾರಿಗೂ ಹೇಳಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಎಲ್ಲರೂ ಉಂಡರು, ಯಾರೂ ಏನೂ ಅನ್ನಲಿಲ್ಲ. ಅಂದರೆ ಎಲ್ಲರಿಗೂ ಏನೋ ತಿಳಿದಿದೆ.

ಅಕ್ಟೋಬರ್ 9, ಬುಧವಾರ

ಬರಬೇಡ ಎಂದೆ.

ಹೀಗೆ ಹೇಳಬೇಕು ಹಾಗೆ ಹೇಳಬೇಕು ಎಂದು ನಾಲ್ಕು ದಿನ ಮನಸ್ಸಿನಲ್ಲಿ ಪಾಠ ತಯಾರಿಸಿದ್ದೆ. ಫೋನು ಎತ್ತಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ‘ನೀ ಬಂದ್ರ ಈ ಹುಡುಗಿ ಹೋಗಬೇಕಾಗತೈತಿ. ಆಕಿ ಬೆಳಿ ಹೊಲದಾಗ ಐತಿ. ನಿನಗ ಬ್ಯಾಸರ ಆತಂತ ಆಕಿ ವರ್ಷ ಹಾಳು ಮಾಡಬೇಕಾ?’ ಎಂದುಬಿಟ್ಟೆ.

ಆ ಕಡೆಯಿಂದ, ‘ಅಮ್ಮಿ, ನಿನ್ನ ಮಗಳು ನಾನೋ ಆಕೀನೋ?’

‘ಹುಚ್ಚಿ, ಎಂಥಾ ಮಾತು—’ ಎನ್ನುವುದರಲ್ಲಿ ಇಟ್ಟಳು. ಮೂರು ಸಲ ಮಾಡಿದೆ, ಎತ್ತಲಿಲ್ಲ.

ಇವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ನಗಿಸಲಿಲ್ಲ. ‘ನಾನಾಗಿದ್ರ ಬಾ ಅಂತಿದ್ದೆ’ ಎಂದು ಅಂಗಡಿಗೆ ಹೋದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನಾನು ಹೇಳಿದ್ದು ನ್ಯಾಯವೇ, ಅದು ನನಗೆ ಗೊತ್ತು. ಆದರೆ ನನ್ನ ಮಗಳು ಅಲ್ಲಿ ಒಬ್ಬಳೇ ಕೂತು ಅಳುವಾಗ ಆ ನ್ಯಾಯ ತೆಗೆದುಕೊಂಡು ಏನು ಮಾಡಲಿ?

ಅಕ್ಟೋಬರ್ 12, ಶನಿವಾರ

ಅತ್ತೆಯವರಿಗೆ ಕೊನೆಗೂ ಹೇಳಲೇಬೇಕಾಯಿತು. ಕೇಳಿ ಅರ್ಧ ತಾಸು ಅಡಿಕೆಯ ಚೀಲ ಮುಟ್ಟಲಿಲ್ಲ. ಆಮೇಲೆ, ‘ಹಚ್ಚು ಫೋನು’ ಎಂದರು. ಅಜ್ಜಿ, ಅವಳ ಬಾಯಲ್ಲಿ ದಾದಿ, ಫೋನು ಮಾಡಿದರೆ ನಿಶಾತ ಎತ್ತದೆ ಇರುವುದಿಲ್ಲ. ಅವರಿಗೆ ಕಿವಿ ಮಂದ, ಆದ್ದರಿಂದ ಸ್ಪೀಕರ್ ಹಾಕಿದೆ. ನೀಮಾ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದಳು.

‘ನಿಶಾತ, ನಾ ಈ ಮನಿಗೆ ಬಂದು ಹದಿನೆಂಟು ದಿನಕ್ಕ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ, ಗೊತ್ತೇನು? ಹರಪನಹಳ್ಳಿ ಬಸ್ಸು ನಿಂತಿತ್ತು. ಮೆಟ್ಟಿಲ ಮ್ಯಾಲ ಒಂದು ಕಾಲು ಇಟ್ಟೆ. ನಾ ಹೋದ್ರ ಹಾಜರಾ ವಾಪಸ್ ಬರಬೇಕು. ಆಕಿಗೆ ನಮ್ಮ ಮನಿ ಹಿಡಿಸಿತ್ತು. ಕಾಲು ಇಳಿಸಿದೆ. ಹಸಿಮೆಣಸಿನಕಾಯಿ ತರಾಕ ಹೋಗಿದ್ದೆ ಅಂತ ಸುಳ್ಳು ಹೇಳಿ ಒಳಗ ಬಂದೆ.’

ಇದು ನನಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ, ಬಾಗಿಲಲ್ಲಿ ನಿಂತವರು ಹಾಗೇ ನಿಂತರು.

‘ಅದಕ್ಕ ನಾನೂ ಇರಬೇಕಾ ದಾದಿ?’ ಎಂದಳು ನಿಶಾತ, ಅಳುತ್ತ.

‘ಪೂರಾ ಕೇಳು. ಆವತ್ತು ಯಾರಾದ್ರೂ, ಜೋಹರಾ, ಇರ್ತಿಯೋ ಹೋಗ್ತಿಯೋ ಅಂತ ಒಂದ ಮಾತು ಕೇಳಿದ್ದರ, ಇರ್ತೀನಿ ಅಂತಾನ ಅಂತಿದ್ದೆ. ಯಾರೂ ಕೇಳ್ಲಿಲ್ಲ. ಐವತ್ತೆಂಟು ವರ್ಷ ಆತು. ಅದಕ್ಕ ನಿನಗ ಕೇಳ್ತೀನಿ. ಇರ್ತಿಯೋ, ಬರ್ತಿಯೋ? ನೇಮತ್‌ನ್ನ ನೆನಸಬ್ಯಾಡ, ನಿಮ್ಮ ಅಮ್ಮೀನ್ನ ನೆನಸಬ್ಯಾಡ. ನೀ ಏನಂದ್ರೂ ಈ ಮನ್ಯಾಗ ಯಾರೂ ತುಟಿ ಬಿಚ್ಚಂಗಿಲ್ಲ. ಬಿಚ್ಚಿದ್ರ ನಾ ಅದೀನಿ.’

ಮಂಗಳವಾರ ಹೇಳುತ್ತೇನೆ ಎಂದಳು.

ನೀಮಾಗೆ ಎಷ್ಟು ಅರ್ಥವಾಯಿತೋ. ಬಸ್ಸು, ಹೋಗ್ತಿಯೋ, ಬರ್ತಿಯೋ, ಇಷ್ಟು ಕನ್ನಡ ಅವಳಿಗೆ ಬರುತ್ತದೆ. ಎದ್ದು ನಗುನಗುತ್ತಲೇ ಕಸಬರಿಗೆ ತೆಗೆದುಕೊಂಡು, ಬೆಳಿಗ್ಗೆ ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದಳು.

ಇರುತ್ತೀಯೋ ಎಂದು ನಾನೂ ನಿಶಾತಳನ್ನು ಕೇಳಿರಲಿಲ್ಲ. ಬಾ ಎನ್ನಲು ಬಾಯಿ ತೆರೆದಿದ್ದೆ, ಬೇಡ ಎಂದೂ ಬಾಯಿ ತೆರೆದೆ. ಕೇಳುವುದು ಮಾತ್ರ ಹೊಳೆಯಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಬೆಳಿಗ್ಗೆಯಿಂದ ಮನೆಯಲ್ಲಿ ಯಾರಿಗೂ ಕೆಲಸವಿಲ್ಲ, ಎಲ್ಲರೂ ಕೆಲಸ ಮಾಡುತ್ತಿದ್ದರು. ಇವರು ಅಂಗಡಿಗೆ ಹೋಗದೆ ನಮ್ಮದೇ ಮಿಕ್ಸರನ್ನು ಬಿಚ್ಚಿ ಕೂತಿದ್ದರು. ಅದು ಕೆಟ್ಟಿರಲೇ ಇಲ್ಲ. ಗವಿಸಿದ್ದೇಶ್ ಸರ್ ಎರಡು ಸಲ ಫೋನು ಮಾಡಿ, ‘ಸಂಜಿ ಐದರೊಳಗ ಹೇಳಬೇಕ್ರಿ ಮೇಡಮ್’ ಎಂದರು. ಚೌಡಕ್ಕ ಹಾಲು ಹಾಕಿ ಮುಗಿದ ಮೇಲೂ ಕಟ್ಟೆಯ ಮೇಲೆ ಕೂತೇ ಇದ್ದಳು.

ಹನ್ನೊಂದೂವರೆಗೆ ನಿಶಾತಳ ಫೋನು. ‘ದಾದಿ’ ಎಂದಳು, ನನ್ನನ್ನಲ್ಲ. ದನಿ ದಪ್ಪಗಾಗಿತ್ತು.

‘ನಿನ್ನಿ ಮಾಮಾ ನೀಮಾಗ ಹೇಳೇಬಿಟ್ಟೆ. ಕೋಳಿ ಗೂಡು ನನ್ನ ಕಡಿಂದ ಆಗೂದಿಲ್ಲ, ವಾಸನಿಗೆ ವಾಂತಿ ಬರತೈತಿ ಅಂತ. ಸಿಟ್ಟಾಗ್ತಾಳ ಅನ್ಕೊಂಡಿದ್ದೆ. ಹಂಗಾದ್ರ ಏನು ಮಾಡ್ತಿ ಅಂತ ಕೇಳಿದ್ಲು! ರೊಟ್ಟಿ ಮಾಡ್ತೀನಿ ಅಂದೆ. ಜ್ವಾಳದ ಹಿಟ್ಟು ಇದ್ದ ಐತಿ. ಹಂಚು ಸಿಗ್ಲಿಲ್ಲ, ತಗಡಿನ ಮ್ಯಾಲ ಬೇಯಿಸಿದೆ. ನಕಾಶಿ ಹಂಗ ಆದ್ವು. ಓಣ್ಯಾಗಿನವ್ರು ಒಬ್ಬೊಬ್ರ ಬಂದು ನಲವತ್ತು ತಿಂದ್ರು ದಾದಿ. ಕೈ ನೋಯಾಕ ಹತ್ಯಾವ. ಇವತ್ತೂ ಮಾಡು ಅಂತಾರ.’

‘ಅದಿರ್ಲಿ. ನಾ ಕೇಳಿದ್ದಕ್ಕ ಜವಾಬು?’

‘ಇರ್ತೀನಿ.’

ಚೌಡಕ್ಕ ಕಟ್ಟೆಯಿಂದ ಜಿಗಿದಳು. ಇವರು ಮಿಕ್ಸರಿನ ನಟ್ಟು ಹುಡುಕುವ ನೆವದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡರು. ನಾನು ಅಡುಗೆಮನೆಗೆ ಹೋದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ? ‘ಬರ್ತೀನಿ’ ಎನ್ನುತ್ತಾಳೇನೋ ಎಂದು ಒಳಗೊಳಗೇ ಕಾಯುತ್ತಿದ್ದೆ. ಎನ್ನಲಿಲ್ಲ. ಇನ್ನು ನಾಲ್ಕು ತಿಂಗಳು.

ಸ್ವಲ್ಪ ಹೊತ್ತಿಗೆ ಫೋನು ನನಗೇ ಬಂತು. ‘ಅಮ್ಮಿ, ಹಿಟ್ಟಿಗೆ ಬಿಸಿನೀರು ಎಷ್ಟು ಹಾಕ್ತಿ ನೀನು? ಅಂಚು ಸೀಳ್ತಾವ’ ಎಂದಳು. ಹೇಳಿದೆ. ಜಗಳದ ಮಾತು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಮೂರಕ್ಕೆ ನೀಮಾ ತನ್ನ ಫೋನು ಹಿಡಿದು ಬಂದಳು. ಅವಳ ಅಮ್ಮ ನನ್ನ ಜೊತೆ ಮಾತಾಡಬೇಕಂತೆ. ಐದು ವಾರದಲ್ಲಿ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ, ಭಾಷೆ ಬೇಕಲ್ಲ. ನೆಟ್‌ವರ್ಕ್ ಸಾಲದೆ ವಿಡಿಯೋ ಬರಲಿಲ್ಲ, ಬರೀ ದನಿ. ತುಂಬಿದ ದನಿ, ಹಿಂದೆ ಕೋಳಿಗಳ ಗದ್ದಲ. ‘ಬೀಗತಿಗೆ ನನ್ನ ಸಲಾಂ ಹೇಳು’ ಎಂದು ಅತ್ತೆಯವರು ಕೂಗಿದರು. ಸಲಾಂ ಎನ್ನುವುದು ಅವರಿಗೆ ಹಾಗೆಯೇ ತಿಳಿಯಿತು; ಆ ಕಡೆಯಿಂದಲೂ ‘ಸಲಾಮು, ಸಲಾಮು’ ಎಂದು ಬಂತು.

ಆಮೇಲೆ ಅವರು ಏನೋ ಕೇಳಿದರು. ನೀಮಾ ಅರ್ಧ ಇಂಗ್ಲಿಷು, ಅರ್ಧ ಅತ್ತೆಯವರ ಕನ್ನಡದಲ್ಲಿ ಹೇಳಿದಳು. ‘ಅಮ್ಮ ಕೇಳ್ತಾರ್ರಿ, ನಿಮ್ಮ ಮಗಳು ಅಳುವಾಗ ನಾನು ಏನು ಮಾಡಬೇಕು?’

ನಾನು ಕೋಳಿ ಗೂಡಿನ ಲೆಕ್ಕ ಹಾಕುತ್ತಿದ್ದ ದಿನಗಳಲ್ಲಿ ಈ ಹೆಂಗಸು ನನ್ನ ಮಗಳು ಅಳುವುದನ್ನು ನೋಡಿದ್ದಾಳೆ. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಳೆ.

‘ಏನೂ ಮಾಡಬ್ಯಾಡ್ರಿ ಅಂತ ಹೇಳವ್ವ’ ಎಂದೆ. ‘ಯಾಕ ಅಂತ ಕೇಳಬ್ಯಾಡ್ರಿ. ಕೇಳಿದ್ರ ಹೆಚ್ಚಾಗತೈತಿ. ಬಾಜೂಕ ಕುಂತ್ರ ಸಾಕು.’

ನೀಮಾ ಹೇಳಿದಳು. ಆ ಕಡೆಯಿಂದ ‘ಹ್ಞೂಂ, ಹ್ಞೂಂ’ ಎಂದು ಕೇಳಿಸಿತು, ಬರೆದುಕೊಳ್ಳುವವರ ಹಾಗೆ.

‘ಈಗ ನಾನು ಕೇಳ್ತೀನಿ. ನಿಮ್ಮ ಮಗಳು ಅಳುವಾಗ ನಾನು ಏನು ಮಾಡಬೇಕು? ಕೇಳು.’

ನೀಮಾ ನನ್ನ ಮುಖ ನೋಡಿದಳು. ತಡೆದು ತಡೆದು ಕೇಳಿದಳು. ಅವಳ ಅಮ್ಮ ದೊಡ್ಡದಾಗಿ ನಕ್ಕರು. ನಕ್ಕು ಒಂದೇ ಒಂದು ಮಾತು ಹೇಳಿದರು. ನೀಮಾ ಅದನ್ನು ಕನ್ನಡಕ್ಕೂ ತರಲಿಲ್ಲ, ಇಂಗ್ಲಿಷಿಗೂ ತರಲಿಲ್ಲ. ಫೋನನ್ನು ಎದೆಗೆ ಅವುಚಿಕೊಂಡು ನಿಂತಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲೂ ಇಲ್ಲ.

‘ಏನಂತಾರವ್ವ?’

‘ನನ್ನ ಮಗಳು ಅಳೂದ ಇಲ್ಲ, ಅಂತಾರ್ರಿ.’

ಇಷ್ಟು ದಿನ ನಾನೂ ಹಾಗೆಯೇ ತಿಳಿದಿದ್ದೆ. ಅವಳನ್ನು ಹತ್ತಿರಕ್ಕೆ ಎಳೆದು ಸೆರಗಿನಿಂದ ಮುಖ ಒರೆಸಿದೆ. ಯಾಕೆ ಎಂದು ಕೇಳಲಿಲ್ಲ. ಫೋನಿನಲ್ಲಿ ಅವರು ‘ನೀಮಾ? ನೀಮಾ?’ ಎನ್ನುತ್ತಿದ್ದರು.

‘ಹೌದ್ರಿ, ಇಲ್ಲೂ ಅತ್ತಿಲ್ಲ ಅಂತ ಹೇಳು’ ಎಂದೆ.

ಮೂಗು ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ನಗುವ ದನಿ ತಂದುಕೊಂಡು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿಗಳ ಸದ್ದು. ಆಮೇಲೆ ಬೀಗತಿ ಮೆಲ್ಲಗೆ ‘ಅಸಾಂತೆ, ಮಾಮಾ ನಿಶಾತ’ ಎಂದರು. ಉಪಕಾರವಾಯಿತು ಎಂದು ಅರ್ಥವಂತೆ.

ನಂಬಿದರೋ ಇಲ್ಲವೋ. ನಾನಾಗಿದ್ದರೆ ನಂಬುತ್ತಿರಲಿಲ್ಲ.